ಆಪರೇಷನ್ನಿನ ಹಿಂದಿನ ದಿನ ನಾವು ಕೇಳುವ ಪ್ರಶ್ನೆಗಳು

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಅರಿವಳಿಕೆ ವೈದ್ಯೆ. ಆಪರೇಷನ್ ಮಾಡುವವರು ಸರ್ಜನ್. ಆ ಹೊತ್ತಿನಲ್ಲಿ ನಿಮ್ಮ ಪ್ರಜ್ಞೆ ತಪ್ಪಿಸಿ, ನೋವು ಗೊತ್ತಾಗದಂತೆ ಮಾಡಿ, ಉಸಿರು, ನಾಡಿ, ರಕ್ತದೊತ್ತಡ ಎಲ್ಲವನ್ನೂ ಕಾಯುತ್ತಾ ನಿಮ್ಮ ತಲೆಯ ಹತ್ತಿರ ಕೂತಿರುವವಳು ನಾನು. ಹಿಂದಿನ ದಿನವೇ ನಿಮ್ಮನ್ನು ನೋಡಲು ಬಂದಿರುತ್ತೇನೆ. ಹತ್ತು ಹದಿನೈದು ಪ್ರಶ್ನೆ ಕೇಳುತ್ತೇನೆ. ಬಾಯಿ ಅಗಲಿಸಿ ಅನ್ನುತ್ತೇನೆ, ಕತ್ತು ಹಿಂದಕ್ಕೆ ಬಗ್ಗಿಸಿ ಅನ್ನುತ್ತೇನೆ, ಯಾವುದಾದರೂ ಹಲ್ಲು ಅಲ್ಲಾಡುತ್ತಿದೆಯಾ ಅಂತ ಮುಟ್ಟಿ ನೋಡುತ್ತೇನೆ. ಹರ್ನಿಯಾ ಆಪರೇಷನ್ನಿಗೆ ಬಂದವರಿಗೆ ನನ್ನ ಹಲ್ಲು ಇವರಿಗೇಕೆ ಅನ್ನಿಸುವುದು ಸಹಜ. ಬಹಳ ಜನ ಈ ಪ್ರಶ್ನೆಗಳಿಗೆ ಒಂದೇ ಉಸಿರಿನಲ್ಲಿ "ಇಲ್ಲ, ಇಲ್ಲ, ಏನೂ ಇಲ್ಲ" ಅಂದು ಮುಗಿಸುತ್ತಾರೆ. ಆಮೇಲೆ ದನಿ ತಗ್ಗಿಸಿ ತಮ್ಮ ಪ್ರಶ್ನೆ ಕೇಳುತ್ತಾರೆ: "ಡಾಕ್ಟ್ರೇ, ಎಚ್ಚರ ಆಗುತ್ತೆ ತಾನೇ?"

ಈ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಆಮೇಲೆ ಇವತ್ತಿನ ಮಾತೆಲ್ಲ ನಾನು ಕೇಳುವ ಪ್ರಶ್ನೆಗಳ ಬಗ್ಗೆ. ಅರಿವಳಿಕೆಯ ಅಡ್ಡಪರಿಣಾಮಗಳು ಯಾವುವು, ಯಾರಿಗೆ ಬರುತ್ತವೆ, ಯಾವುದನ್ನು ತಪ್ಪಿಸಬಹುದು ಎಂಬುದರಲ್ಲಿ ಅರ್ಧಕ್ಕರ್ಧ ನಿಮ್ಮ ಆ ಉತ್ತರಗಳಲ್ಲೇ ಇದೆ.

ಎಚ್ಚರವಾಗದ ಭಯ ಸುಮ್ಮನೆ ಹುಟ್ಟಿದ್ದಲ್ಲ. 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಆವಿ ಕುಡಿಸಿ, ರೋಗಿಗೆ ನೋವಾಗದಂತೆ ಗೆಡ್ಡೆ ತೆಗೆಯಬಹುದು ಎಂದು ಎಲ್ಲರೆದುರು ತೋರಿಸಿದರು. ಅದಾಗಿ ಹದಿನೈದು ತಿಂಗಳಿಗೆ, 1848ರ ಜನವರಿಯಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಆಗಬೇಕಿದ್ದದ್ದು ಕಾಲ್ಬೆರಳಿನ ಉಗುರು ತೆಗೆಯುವ ಚಿಕ್ಕ ಕೆಲಸ. ಕ್ಲೋರೋಫಾರ್ಮಿನಿಂದ ಆಯಿತೆಂದು ದಾಖಲಾದ ಮೊದಲ ಸಾವು ಅದು. ಆಗಿನ ವೈದ್ಯರ ಬಳಿ ಇದ್ದದ್ದು ಒಂದು ಬಟ್ಟೆ, ಒಂದು ಸೀಸೆ, ಮಣಿಕಟ್ಟಿನ ಮೇಲೆ ಒಂದು ಬೆರಳು. ಈಗ ನಿಮ್ಮ ಬೆರಳ ತುದಿಗೆ ಹಾಕುವ ಕ್ಲಿಪ್ ಇದೆಯಲ್ಲ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಕ್ಷಣಕ್ಷಣಕ್ಕೂ ಹೇಳುವ ಪಲ್ಸ್ ಆಕ್ಸಿಮೀಟರ್, ಅದರ ಮೂಲ ತತ್ವವನ್ನು ಜಪಾನಿನ ಟಾಕುವೋ ಅಯೋಯಾಗಿ ತೋರಿಸಿಕೊಟ್ಟದ್ದು 1974ರಲ್ಲಿ. ಉಸಿರು ಬಿಡುವಾಗ ಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಯಂತ್ರವೂ ಪಕ್ಕದಲ್ಲೇ ಇರುತ್ತದೆ. ತರಬೇತಾದ ವೈದ್ಯರು, ಇಂಥ ಯಂತ್ರಗಳು ಇರುವ ಕಡೆ, ಬೇರೆ ಕಾಯಿಲೆ ಇಲ್ಲದವರಲ್ಲಿ ಅರಿವಳಿಕೆಯೇ ಕಾರಣವಾಗಿ ಆಗುವ ಸಾವು ಸುಮಾರು ಲಕ್ಷಕ್ಕೊಂದು. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರಲ್ಲಿ, ತುರ್ತು ಆಪರೇಷನ್ನುಗಳಲ್ಲಿ ಅಪಾಯ ಇದಕ್ಕಿಂತ ಹೆಚ್ಚು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲೂ ಹೆಚ್ಚಿನ ಅಪಾಯ ಬರುವುದು ಕಾಯಿಲೆಯಿಂದ ಮತ್ತು ಆಪರೇಷನ್ನಿನಿಂದ.

ಜನ ಇದನ್ನು "ನಿದ್ದೆ ಬರಿಸುವುದು" ಅನ್ನುತ್ತಾರೆ. ಮಕ್ಕಳಿಗೆ ನಾನೂ ಹಾಗೇ ಹೇಳುತ್ತೇನೆ. ನಿಜದಲ್ಲಿ ಇದು ನಿದ್ದೆಯಲ್ಲ. ನಿದ್ದೆಯಲ್ಲಿರುವವರನ್ನು ಚಿವುಟಿದರೆ ಏಳುತ್ತಾರೆ, ಗಂಟಲಿಗೆ ಎಂಜಲು ಇಳಿದರೆ ಕೆಮ್ಮುತ್ತಾರೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಔಷಧವನ್ನು ಕೈಯ ನರಕ್ಕೆ ಬಿಡುತ್ತಿದ್ದಂತೆ ತೋಳು ಸ್ವಲ್ಪ ಚುರುಗುಟ್ಟುತ್ತದೆ, ಅರ್ಧ ನಿಮಿಷದಲ್ಲಿ ಮಾತು ನಡುವೆಯೇ ನಿಲ್ಲುತ್ತದೆ. ನಾನು ರೆಪ್ಪೆಯ ಕೂದಲನ್ನು ಬೆರಳಿನಿಂದ ಮೆಲ್ಲಗೆ ಸವರುತ್ತೇನೆ. ರೆಪ್ಪೆ ಮಿಟುಕದಿದ್ದರೆ ಪ್ರಜ್ಞೆ ಹೋಗಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಕೆಮ್ಮಿಲ್ಲ, ನುಂಗುವುದಿಲ್ಲ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರು ನಿಧಾನಿಸುತ್ತದೆ ಅಥವಾ ನಿಲ್ಲುತ್ತದೆ, ರಕ್ತದೊತ್ತಡ ಇಳಿಯುತ್ತದೆ. ನಿಮ್ಮ ದೇಹ ತಾನೇ ಮಾಡಿಕೊಳ್ಳುತ್ತಿದ್ದ ಹಲವು ಕೆಲಸಗಳನ್ನು ಎಚ್ಚರವಾಗುವವರೆಗೆ ನಾನು ಮಾಡಬೇಕು. ಪ್ರಜ್ಞೆಗೊಂದು ಔಷಧ, ನೋವಿಗೊಂದು, ಸ್ನಾಯು ಸಡಿಲಿಸಲು ಇನ್ನೊಂದು, ಉಸಿರಾಟಕ್ಕೆ ಗಂಟಲಲ್ಲೊಂದು ಕೊಳವೆ. ಮುಂದೆ ಹೇಳುವ ಅಡ್ಡಪರಿಣಾಮಗಳೆಲ್ಲ ಇವುಗಳಿಂದಲೇ ಬರುವಂಥವು.

ಈಗ ನನ್ನ ಪ್ರಶ್ನೆಗಳು. "ಬಸ್ಸಿನಲ್ಲಿ ಕೂತರೆ ವಾಂತಿ ಬರುತ್ತದೆಯೇ?"

ಈ ಪ್ರಶ್ನೆ ಕೇಳಿ ಅಚ್ಚರಿಪಡದವರು ಕಡಿಮೆ. ಆಪರೇಷನ್ ಆದಮೇಲೆ ಸುಮಾರು ಹತ್ತರಲ್ಲಿ ಮೂವರಿಗೆ ಹೊಟ್ಟೆ ತೊಳಸುವುದು, ವಾಂತಿ ಆಗುತ್ತದೆ. ಯಾರಿಗೆ ಆಗಬಹುದೆಂದು ಮೊದಲೇ ಅಂದಾಜು ಮಾಡಲು ನಾಲ್ಕು ಸಂಗತಿ ಸಾಕು ಎಂದು ಕ್ರಿಸ್ಟಿಯನ್ ಆಪ್ಫೆಲ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದರು: ಹೆಣ್ಣಾಗಿರುವುದು, ಸಿಗರೇಟು ಸೇದದಿರುವುದು, ಪ್ರಯಾಣದಲ್ಲಿ ವಾಂತಿಯಾಗುವುದು ಅಥವಾ ಹಿಂದಿನ ಆಪರೇಷನ್ನಿನಲ್ಲಿ ಆಗಿದ್ದುದು, ಆಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧ ಬೇಕಾಗುವುದು. ಒಂದೂ ಇಲ್ಲದಿದ್ದರೆ ನೂರಕ್ಕೆ ಹತ್ತು. ನಾಲ್ಕೂ ಇದ್ದರೆ ನೂರಕ್ಕೆ ಎಂಬತ್ತು. (ಸೇದುವವರಿಗೆ ವಾಂತಿ ಕಡಿಮೆ ಎಂದ ಮಾತ್ರಕ್ಕೆ ಸಿಗರೇಟಿಗೆ ಬೇರೇನೂ ಒಳ್ಳೆಯ ಗುಣ ಸಿಗುವುದಿಲ್ಲ. ಅವರ ಎದೆಯಲ್ಲಿ ಕಫ ಕಟ್ಟುವುದು, ಗಾಯ ನಿಧಾನವಾಗಿ ಮಾಯುವುದು ಎಲ್ಲ ಹೆಚ್ಚು. ನಾಲ್ಕು ವಾರ ಮೊದಲೇ ಬಿಟ್ಟರೆ ಬಹಳ ಒಳ್ಳೆಯದು. ಆಗಲಿಲ್ಲವೇ, ಹಿಂದಿನ ದಿನವಾದರೂ ಬಿಡಿ.) "ಬಸ್ಸಲ್ಲಿ ಕಿಟಕಿ ಪಕ್ಕವೇ ಕೂರಬೇಕು ಡಾಕ್ಟ್ರೇ" ಎಂದು ನೀವು ಹೇಳಿದರೆ, ನಾನು ಉಸಿರಿನ ಮೂಲಕ ಕೊಡುವ ಆವಿಯ ಅರಿವಳಿಕೆ ಬಿಟ್ಟು ಕೊನೆಯವರೆಗೂ ನರದ ಮೂಲಕವೇ ಪ್ರೊಪೊಫಾಲ್ ಕೊಡಬಹುದು, ವಾಂತಿ ತಡೆಯುವ ಎರಡು ಬೇರೆಬೇರೆ ಔಷಧ ಮೊದಲೇ ಹಾಕಬಹುದು. ಬಂದ ಮೇಲೆ ನಿಲ್ಲಿಸುವುದಕ್ಕಿಂತ ಬಾರದಂತೆ ತಡೆಯುವುದು ಎಷ್ಟೋ ಸುಲಭ. ವಾಂತಿ ಸಣ್ಣ ವಿಷಯ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹೊಟ್ಟೆಗೆ ಹೊಸದಾಗಿ ಹೊಲಿಗೆ ಬಿದ್ದವರು ಒಂದು ಸಲ ಓಕರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ನೀವೂ ಒಪ್ಪಲಾರಿರಿ.

ಹಲ್ಲಿನ ಪ್ರಶ್ನೆ ಕೊಳವೆಗೆ ಸಂಬಂಧಿಸಿದ್ದು. ಕೊಳವೆ ಹಾಕಲು ಲಾರಿಂಗೋಸ್ಕೋಪ್ ಎಂಬ, ತುದಿಯಲ್ಲಿ ದೀಪವಿರುವ ಉಪಕರಣದಿಂದ ನಾಲಿಗೆ ಎತ್ತಿ ಹಿಡಿಯಬೇಕು. ಮೇಲಿನ ಮುಂಬಲ್ಲುಗಳು ಅದರ ದಾರಿಯಲ್ಲೇ ಇರುತ್ತವೆ. ಹಲ್ಲಿಗೆ ಪೆಟ್ಟಾಗುವುದು ಸುಮಾರು 4,500 ಜನರಲ್ಲಿ ಒಬ್ಬರಿಗೆ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು, ಕ್ಯಾಪ್ ಇದ್ದರೆ ಹೇಳಿ. ತೆಗೆಯುವ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಗಂಟಲು ಕೆರೆತ, ನುಂಗಿದರೆ ನೋವು, ದನಿ ಸ್ವಲ್ಪ ಒಡೆದಂತಿರುವುದು ಕೊಳವೆ ಹಾಕಿಸಿಕೊಂಡ ಹತ್ತು ಜನರಲ್ಲಿ ಸುಮಾರು ನಾಲ್ವರಿಗೆ ಇರುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ವಾರ ಕಳೆದರೂ ದನಿ ಸರಿಯಾಗದಿದ್ದರೆ ಬಂದು ತೋರಿಸಿ.

ಎಚ್ಚರವಾಗುವಾಗ ಹಲ್ಲು ಕಟಕಟ ಎನ್ನುವಷ್ಟು ನಡುಕ ಬರುವುದುಂಟು. ಜ್ವರ ಬಂತೋ ಏನೋ ಎಂದು ಹೊರಗೆ ಕಾಯುವ ಮನೆಯವರು ಗಾಬರಿಯಾಗುತ್ತಾರೆ. ಆಗಿರುವುದು ಅದಕ್ಕೆ ತಿರುಗುಮುರುಗು. ಅರಿವಳಿಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖವೆಲ್ಲ ಕೈಕಾಲುಗಳಿಗೆ ಹರಿದುಹೋಗುತ್ತದೆ. ಮೊದಲ ಒಂದು ಗಂಟೆಯಲ್ಲೇ ದೇಹದ ಒಳಗಿನ ಉಷ್ಣಾಂಶ ಒಂದರಿಂದ ಒಂದೂವರೆ ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಎಚ್ಚರವಾದ ದೇಹ ಆ ನಷ್ಟ ತುಂಬಿಕೊಳ್ಳಲು ನಡುಗುತ್ತದೆ. ಆಪರೇಷನ್ನಿಗೆ ಒಳಗೆ ಹೋಗುವ ಮೊದಲೇ ಚಳಿಯಾಗುತ್ತಿದ್ದರೆ ಸಂಕೋಚಪಡದೆ ಇನ್ನೊಂದು ಹೊದಿಕೆ ಕೇಳಿ. ಬೆಚ್ಚಗೆ ಒಳಗೆ ಬಂದವರು ಕಡಿಮೆ ನಡುಗುತ್ತಾರೆ.

ತಲೆಸುತ್ತು, ಮೈಕೈ ನೋವು, ಕಣ್ಣು ಒಣಗಿದಂತಾಗುವುದು, ಮೂತ್ರ ಕಟ್ಟುವುದು, ನೋವಿನ ಔಷಧದಿಂದ ಮಲಬದ್ಧತೆ, ತುರಿಕೆ ಇವೂ ಉಂಟು. ಹೆಚ್ಚಿನವು ಒಂದೆರಡು ದಿನದವು.

"ಕೊನೆಯದಾಗಿ ಏನು ತಿಂದಿರಿ, ಏನು ಕುಡಿದಿರಿ, ಎಷ್ಟು ಗಂಟೆಗೆ?" ಈ ಪ್ರಶ್ನೆಯನ್ನು ನಾನು ಹೀಗೇ ಕೇಳುತ್ತೇನೆ, ಅದಕ್ಕೊಂದು ಕಾರಣವಿದೆ. ನಾನಿನ್ನೂ ಕಲಿಯುತ್ತಿದ್ದ ದಿನಗಳು. ನಾಲ್ಕು ವರ್ಷದ ಹುಡುಗನನ್ನು ಸಣ್ಣ ಆಪರೇಷನ್ನಿಗೆ ಕರೆತಂದಿದ್ದರು. ಬಾಗಿಲಲ್ಲಿ ನಿಂತು ಅವನ ತಾಯಿಗೆ ಕೇಳಿದೆ: "ಹೊಟ್ಟೆ ಖಾಲಿ ಇದೆಯಲ್ಲ ಅಮ್ಮಾ?" "ಹೌದು" ಅಂದರು. ಮಾಸ್ಕ್ ಹಿಡಿದು ಎರಡು ನಿಮಿಷವಾಗಿರಬಹುದು, ಮಗುವಿನ ಬಾಯಂಚಿನಲ್ಲಿ ಬಿಳಿಯ ನೊರೆ ಕಂಡಿತು. ಹಾಲು. ನನ್ನ ಹಿರಿಯರು ಮಗುವನ್ನು ಮಗ್ಗುಲಿಗೆ ತಿರುಗಿಸಿ, ಟೇಬಲ್ಲಿನ ತಲೆಯ ಕಡೆ ತಗ್ಗಿಸಿ, ಸಕ್ಷನ್ ಹಾಕಿ ಬಾಯಿ ಗಂಟಲು ಚೊಕ್ಕ ಮಾಡಿದರು. ಆಪರೇಷನ್ ಮುಂದೂಡಿದೆವು. ಆ ರಾತ್ರಿಯೆಲ್ಲ ಅವನ ಉಸಿರು ಎಣಿಸುತ್ತಾ ಪಕ್ಕದಲ್ಲಿ ಕೂತಿದ್ದೆ. ಬೆಳಗಿನ ಹೊತ್ತಿಗೆ ಎದೆ ಸ್ವಚ್ಛವಾಗಿತ್ತು, ಅವನು ಆಟದ ಸಾಮಾನು ಕೇಳುತ್ತಿದ್ದ. ಹಸಿವಿನಿಂದ ಅತ್ತ ಅಂತ ಅರ್ಧ ಲೋಟ ಕೊಟ್ಟೆ ಎಂದು ತಾಯಿ ಆಮೇಲೆ ಹೇಳಿದರು. ಹಾಲು ಲೆಕ್ಕಕ್ಕೆ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. "ಹೌದು" ಎಂಬ ಉತ್ತರವನ್ನು ನಾನೇ ಅವರ ಬಾಯಿಗೆ ಇಟ್ಟಿದ್ದೆ.

ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು 1946ರಲ್ಲಿ ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ ವಿವರವಾಗಿ ಬರೆದರು. 44,016 ಗರ್ಭಿಣಿಯರ ದಾಖಲೆಗಳಲ್ಲಿ ಅವರಿಗೆ ಅಂಥ 66 ಪ್ರಕರಣ ಸಿಕ್ಕವು. ಗಟ್ಟಿ ಆಹಾರ ಉಸಿರಿನ ದಾರಿಗೆ ಅಡ್ಡ ನಿಲ್ಲುತ್ತದೆ, ಜಠರದ ಆಮ್ಲ ಶ್ವಾಸಕೋಶವನ್ನೇ ಸುಡುತ್ತದೆ ಎಂದು ತೋರಿಸಿದವರು ಅವರು. ಇಂದಿನ ಉಪವಾಸದ ನಿಯಮದ ಹಿಂದೆ ಇರುವುದು ಈ ಅರಿವೇ: ಊಟ ತಿಂಡಿ, ಹಾಲು ಇವುಗಳಿಗೆ ಆರು ಗಂಟೆ, ಎದೆಹಾಲಿಗೆ ನಾಲ್ಕು ಗಂಟೆ, ಬರೀ ನೀರಿಗೆ ಎರಡು ಗಂಟೆ. ಇದರ ಇನ್ನೊಂದು ಬದಿಯನ್ನೂ ಹೇಳಲೇಬೇಕು. ಹೆದರಿಕೊಂಡು ಹಿಂದಿನ ಸಂಜೆಯಿಂದಲೇ ಒಂದು ಗುಟುಕು ನೀರೂ ಇಲ್ಲದೆ ಮಾರನೆಯ ಮಧ್ಯಾಹ್ನದವರೆಗೆ ಇರುವವರನ್ನು ನೋಡುತ್ತೇನೆ. ಅದರಿಂದ ಏನೂ ಲಾಭವಿಲ್ಲ. ಬಾಯಿ ಒಣಗಿ, ತಲೆನೋವು ಬಂದು, ವಾಂತಿಯೂ ಹೆಚ್ಚುತ್ತದೆ. ಮುದುಕರಿಗೂ ಮಕ್ಕಳಿಗೂ ಅದು ಹಿಂಸೆ. ನಿಮ್ಮ ವೈದ್ಯರು ಬೇರೆ ಕಾರಣಕ್ಕೆ ಬೇಡ ಅನ್ನದಿದ್ದರೆ ಎರಡು ಗಂಟೆ ಮೊದಲಿನವರೆಗೆ ನೀರು ಕುಡಿಯಿರಿ.

ಇದರ ಜೊತೆಗೇ ಕೇಳುವುದು ಮಾತ್ರೆಗಳನ್ನು. ತೂಕ ಇಳಿಸಲು, ಸಕ್ಕರೆ ಕಾಯಿಲೆಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ನಿಯಮದಂತೆ ಉಪವಾಸ ಇದ್ದರೂ ಅಂಥವರ ಹೊಟ್ಟೆ ತುಂಬಿರಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳನ್ನು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಅಪಾಯವಿದೆ. ಕೆಲವು ಬಿಪಿ ಮಾತ್ರೆಗಳನ್ನು ಆ ಬೆಳಿಗ್ಗೆಯೂ ನುಂಗಬೇಕು, ಕೆಲವನ್ನು ಬಿಡಬೇಕು. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ, ಮಾತ್ರೆಯ ಪಟ್ಟಿಗಳನ್ನೇ ಚೀಲದಲ್ಲಿ ತಂದು ನನ್ನ ಮುಂದೆ ಸುರಿಯಿರಿ. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇಳಿಸಲು ಕೊಡುವ ಸುಗಾಮಾಡೆಕ್ಸ್ ಎಂಬ ಔಷಧ ಗರ್ಭನಿರೋಧಕ ಹಾರ್ಮೋನುಗಳನ್ನೂ ಹಿಡಿದುಕೊಳ್ಳುತ್ತದೆ. ಅಂಥ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಆಮೇಲಿನ ಏಳು ದಿನ ಬೇರೆ ಮುನ್ನೆಚ್ಚರಿಕೆಯನ್ನೂ ತೆಗೆದುಕೊಳ್ಳಬೇಕು. ಮನೆಯವರೆಲ್ಲರ ಎದುರು ಹೇಳಲು ಮುಜುಗರವಾದರೆ ಅವರನ್ನು ಹೊರಗೆ ಕಳಿಸಿ ಎಂದು ನನಗೆ ಹೇಳಿ, ಕಳಿಸುತ್ತೇನೆ.

"ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆಪರೇಷನ್ ಹೊತ್ತಿನಲ್ಲಿ ತೊಂದರೆ ಆಗಿತ್ತೇ?"

1960ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯೊಬ್ಬ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದ. ಕಾಲಿನ ಚಿಂತೆಗಿಂತ ಅವನಿಗೆ ಅರಿವಳಿಕೆಯ ಭಯವೇ ಹೆಚ್ಚಾಗಿತ್ತು. ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಕೊಟ್ಟಾಗ ಸತ್ತಿದ್ದರು. ವೈದ್ಯರು ಈಥರ್ ಬಿಟ್ಟು ಆಗ ಹೊಸದಾಗಿದ್ದ ಹಲೋಥೇನ್ ಎಂಬ ಆವಿ ಕೊಟ್ಟರು. ಹತ್ತು ನಿಮಿಷದಲ್ಲಿ ಅವನ ಮೈ ಕಾದ ಹೆಂಚಿನಂತಾಯಿತು, ನಾಡಿ ಓಡತೊಡಗಿತು, ತುಟಿ ನೀಲಿಗಟ್ಟಿತು. ತಕ್ಷಣ ಔಷಧ ನಿಲ್ಲಿಸಿ, ಮೈಗೆ ಐಸ್ ಇಟ್ಟು ಉಳಿಸಿಕೊಂಡರು. ಮೈಕೆಲ್ ಡೆನ್‌ಬರೋ ಎಂಬ ವೈದ್ಯರು ಆ ಹುಡುಗನ ಮಾತನ್ನು ತಳ್ಳಿಹಾಕದೆ ಅವನ ವಂಶವೃಕ್ಷವನ್ನೇ ಬರೆದುಕೊಂಡರು. ಮ್ಯಾಲಿಗ್ನೆಂಟ್ ಹೈಪರ್ಥರ್ಮಿಯಾ ಎಂದು ಇಂದು ನಾವು ಕರೆಯುವ ಆನುವಂಶಿಕ ತೊಂದರೆ ಜಗತ್ತಿಗೆ ಗೊತ್ತಾದದ್ದು ಹೀಗೆ. ಇಂಥವರ ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಹೊರಬಿಡುವ ಬಾಗಿಲು ಸರಿಯಿರುವುದಿಲ್ಲ. ಆವಿಯ ಅರಿವಳಿಕೆಗಳೂ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧವೂ ಆ ಬಾಗಿಲನ್ನು ತೆರೆದೇ ಬಿಡುತ್ತವೆ. ಸ್ನಾಯುಗಳೆಲ್ಲ ಸೆಟೆದು, ಉರಿದು, ದೇಹ ಕಾಯತೊಡಗುತ್ತದೆ. ಇದು ಬಹಳ ಅಪರೂಪ. ಹತ್ತು ಸಾವಿರಕ್ಕೊಂದು ಎಂಬುದರಿಂದ ಹಿಡಿದು ಎರಡೂವರೆ ಲಕ್ಷಕ್ಕೊಂದು ಎಂಬವರೆಗೆ ಅಂದಾಜುಗಳಿವೆ. ಒಂದು ಕಾಲಕ್ಕೆ ಇದು ಬಂದ ಹತ್ತರಲ್ಲಿ ಏಳೆಂಟು ಮಂದಿ ಸಾಯುತ್ತಿದ್ದರು. ಡ್ಯಾಂಟ್ರೋಲಿನ್ ಎಂಬ ಔಷಧ ಬಂದ ಮೇಲೆ, ತಕ್ಷಣ ಗುರುತಿಸಿ ಅದನ್ನು ಕೊಟ್ಟರೆ ಹೆಚ್ಚಿನವರು ಉಳಿಯುತ್ತಾರೆ. ಮೊದಲೇ ಗೊತ್ತಿದ್ದರೆ ಇನ್ನೂ ಸುಲಭ: ಆ ಔಷಧಗಳನ್ನು ಮುಟ್ಟುವುದೇ ಇಲ್ಲ, ಬೇರೆ ಔಷಧಗಳಿಂದಲೇ ಅರಿವಳಿಕೆ ಕೊಡುತ್ತೇವೆ. ನನ್ನ ಪ್ರಶ್ನೆಗೆ "ನಮ್ಮ ಚಿಕ್ಕಪ್ಪನಿಗೆ ಏನೋ ಆಗಿತ್ತಂತೆ, ಸರಿಯಾಗಿ ಗೊತ್ತಿಲ್ಲ" ಎಂಬ ಅರ್ಧಂಬರ್ಧ ಉತ್ತರವೂ ಸಾಕು. ಉಳಿದದ್ದನ್ನು ಹುಡುಕುವ ಕೆಲಸ ನನ್ನದು.

ಅಲರ್ಜಿಯ ಪ್ರಶ್ನೆ ನಿಮಗೆಲ್ಲ ಗೊತ್ತಿರುವಂಥದ್ದೇ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಹೊರಬಂದ ದೊಡ್ಡ ಸಮೀಕ್ಷೆಯ ಪ್ರಕಾರ ಆಪರೇಷನ್ ಹೊತ್ತಿನಲ್ಲಿ ಪ್ರಾಣಕ್ಕೇ ಎರವಾಗುವಷ್ಟು ತೀವ್ರ ಅಲರ್ಜಿ ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ. ಕಾರಣ ಸಿಕ್ಕವುಗಳಲ್ಲಿ ಸುಮಾರು ಅರ್ಧದಷ್ಟು ಆಂಟಿಬಯಾಟಿಕ್‌ನಿಂದ ಆದವು, ಸ್ನಾಯು ಸಡಿಲಿಸುವ ಔಷಧಗಳದು ಎರಡನೆಯ ಸ್ಥಾನ. "ಯಾವುದೋ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದಿತ್ತು" ಎಂಬುದನ್ನು ಮರೆಯದೆ ಹೇಳಿ.

ಒಂದು ಭಯವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಆಪರೇಷನ್ ನಡುವೆ ಎಚ್ಚರವಾಗಿಬಿಟ್ಟರೆ, ಕೈ ಎತ್ತಲೂ ಆಗದೆ ಎಲ್ಲ ಗೊತ್ತಾಗುತ್ತಿದ್ದರೆ? ಹಾಗಾಗುವುದುಂಟು, ಅಪರೂಪಕ್ಕೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ರೋಗಿಗಳೇ ಬಂದು ದೂರಿದ್ದು ಸುಮಾರು 19,000ದಲ್ಲಿ ಒಂದು. ಸ್ನಾಯು ಸಡಿಲಿಸುವ ಔಷಧ ಕೊಟ್ಟಲ್ಲಿ 8,000ದಲ್ಲಿ ಒಂದು, ಕೊಡದಲ್ಲಿ 1,36,000ದಲ್ಲಿ ಒಂದು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಿ: ದೇಹ ಅಲ್ಲಾಡಲು ಸಾಧ್ಯವಿದ್ದರೆ ಅದೇ ನಮಗೆ ಎಚ್ಚರಿಕೆ ಕೊಡುತ್ತದೆ. ಪೂರ್ತಿ ಅರಿವಳಿಕೆಯಲ್ಲಿ ಆಗುವ ಸಿಸೇರಿಯನ್‌ಗಳಲ್ಲಿ ಮಾತ್ರ ಇದು 670ರಲ್ಲಿ ಒಂದು. ಅಲ್ಲಿ ಹೆಚ್ಚಾಗಿ ಎಲ್ಲವೂ ತುರ್ತು. ಒಟ್ಟು ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಭಾಗ ಆದದ್ದು ಔಷಧ ಶುರುಮಾಡುವ ಅಥವಾ ಇಳಿಸುವ ಹೊತ್ತಿನಲ್ಲಿ. ನಿಮಗೆ ಹಿಂದೆ ಹೀಗಾಗಿದ್ದರೆ ಹೇಳಿ. ಯಾರಾದರೂ ಹಾಗಾಯಿತೆಂದು ಹೇಳಿದರೆ "ಕನಸು ಬಿದ್ದಿರಬೇಕು" ಎಂದು ಬಾಯಿ ಮುಚ್ಚಿಸಬೇಡಿ, ದಯವಿಟ್ಟು. ಅನುಭವಕ್ಕಿಂತ, ಯಾರೂ ನಂಬಲಿಲ್ಲ ಎಂಬ ನೋವು ಹೆಚ್ಚು ಕಾಲ ಉಳಿಯುವುದನ್ನು ನಾನು ಕಂಡಿದ್ದೇನೆ. ಒಂದು ಮಾತು ಸ್ಪಷ್ಟಪಡಿಸಬೇಕು: ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅಥವಾ ಸ್ವಲ್ಪ ಮಂಪರು ಬರಿಸಿ ಮಾಡುವ ಆಪರೇಷನ್ನುಗಳಲ್ಲಿ ಮಾತು ಕೇಳಿಸುವುದು ಸಹಜ. ಅದನ್ನು ಮೊದಲೇ ಹೇಳುವುದು ನಮ್ಮ ಜವಾಬ್ದಾರಿ.

ಈಗ ವಯಸ್ಸಾದವರ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮನೆಯವರು ಮಾಡಬಹುದಾದದ್ದು ಇಲ್ಲೇ ಹೆಚ್ಚು.

ಎಪ್ಪತ್ತೆಂಟು ವರ್ಷದ ನಿವೃತ್ತ ಮೇಷ್ಟ್ರು ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ರಾತ್ರಿ ಡ್ರಿಪ್ ಕಿತ್ತುಹಾಕಿದರು. ವಾರ್ಡನ್ನು ರೈಲ್ವೆ ಪ್ಲಾಟ್‌ಫಾರ್ಮ್ ಎಂದುಕೊಂಡು, ಗಾಡಿ ಹೊರಟಿತು, ನನ್ನ ಪೆಟ್ಟಿಗೆ ಎಲ್ಲಿ ಎಂದು ನರ್ಸನ್ನು ಗದರಿದರು. ಬೆಳಿಗ್ಗೆ ಅವರ ಮಗ ನನ್ನನ್ನು ಹುಡುಕಿಕೊಂಡು ಬಂದರು. "ಮತ್ತಿನ ಔಷಧ ಕೊಟ್ಟು ಅಪ್ಪನ ತಲೆ ಕೆಡಿಸಿಬಿಟ್ಟಿರಿ" ಅಂದರು. ಅವರ ಸಿಟ್ಟು ನನಗೆ ಅರ್ಥವಾಯಿತು. ಮೇಷ್ಟ್ರ ಹಾಸಿಗೆಯ ಹತ್ತಿರ ಹೋದೆ. ಅವರ ಕನ್ನಡಕ, ಕಿವಿಯ ಯಂತ್ರ ಎರಡೂ ಕಳೆದುಹೋದಾವು ಎಂಬ ಜೋಪಾನದಿಂದ ಕಪಾಟಿನ ಚೀಲದಲ್ಲಿ ಭದ್ರವಾಗಿದ್ದವು. ಎರಡು ದಿನದಿಂದ ಅವರಿಗೆ ಯಾರ ಮುಖವೂ ಸರಿಯಾಗಿ ಕಂಡಿರಲಿಲ್ಲ, ಯಾರ ಮಾತೂ ಕೇಳಿಸಿರಲಿಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ಬಿಪಿ ನೋಡಲು ಎಬ್ಬಿಸಿದ್ದರು. ಮಲ ಹೋಗಿರಲಿಲ್ಲ, ನೋವನ್ನು ಹೇಳಿಕೊಂಡಿರಲಿಲ್ಲ. ಕನ್ನಡಕ ಹಾಕಿ, ಯಂತ್ರವನ್ನು ಕಿವಿಗೆ ಸಿಕ್ಕಿಸಿದೆವು. ಕಿಟಕಿಯ ಪರದೆ ಸರಿಸಿದೆವು. ನೋವಿಗೆ, ಹೊಟ್ಟೆಗೆ ಔಷಧ ಕೊಟ್ಟೆವು. ಮಗಳು ಪಕ್ಕದಲ್ಲಿ ಕೂತು, ಅಪ್ಪಾ, ಇದು ಆಸ್ಪತ್ರೆ, ಇವತ್ತು ಗುರುವಾರ, ನಿಮ್ಮ ಕಾಲಿಗೆ ಆಪರೇಷನ್ ಆಗಿದೆ ಎಂದು ಮತ್ತೆ ಮತ್ತೆ ಹೇಳಿದರು. ನಾಲ್ಕನೆಯ ದಿನ ಮೇಷ್ಟ್ರು ಪೇಪರ್ ಓದುತ್ತಿದ್ದರು. ರೈಲಿನ ನೆನಪೇ ಇರಲಿಲ್ಲ.

ಇದಕ್ಕೆ ಡಿಲೀರಿಯಂ ಎನ್ನುತ್ತೇವೆ. ಹುಚ್ಚು ಅಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಎಲ್ಲರೂ ಮೇಷ್ಟ್ರಂತೆ ಕೂಗಾಡುವುದಿಲ್ಲ. ಕೆಲವರು ಸುಮ್ಮನೆ ಮಂಕಾಗಿ ಮಲಗಿಬಿಡುತ್ತಾರೆ, ಅದನ್ನು ಗುರುತಿಸುವುದು ಇನ್ನೂ ಕಷ್ಟ. ಕಾರಣ ಅರಿವಳಿಕೆ ಒಂದೇ ಅಲ್ಲ. ಪೆಟ್ಟು, ಆಪರೇಷನ್ನಿನಿಂದ ಮೈಯಲ್ಲೇಳುವ ಉರಿಯೂತ, ಸೋಂಕು, ನಿದ್ದೆಗೇಡು, ನೋವು, ಹೊಸ ಜಾಗ ಎಲ್ಲ ಸೇರಿಕೊಳ್ಳುತ್ತವೆ. "ಹಾಗಾದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿ, ಪೂರ್ತಿ ಮತ್ತು ಬೇಡ" ಎಂದು ಬಹಳ ಮಂದಿ ಕೇಳುತ್ತಾರೆ. ಸೊಂಟದ ಮೂಳೆ ಮುರಿದ 1,600 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ರೀಗೇನ್ ಎಂಬ ಅಧ್ಯಯನದಲ್ಲಿ ಎರಡೂ ಬಗೆಯಲ್ಲಿ ಡಿಲೀರಿಯಂ ಬಂದದ್ದು ಹೆಚ್ಚುಕಡಿಮೆ ಒಂದೇ, ಐವರಲ್ಲಿ ಒಬ್ಬರಿಗೆ. ಯಾವ ಬಗೆಯ ಅರಿವಳಿಕೆ ಎಂಬುದಕ್ಕಿಂತ ಆಮೇಲಿನ ಆರೈಕೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಡಿಲೀರಿಯಂ ತಿಳಿಯಾದ ಮೇಲೂ ಕೆಲವರಿಗೆ ಲೆಕ್ಕ ತಪ್ಪುವುದು, ಹೆಸರು ಹೊಳೆಯದಿರುವುದು ಸ್ವಲ್ಪ ಕಾಲ ಉಳಿಯಬಹುದು. 1998ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಅರವತ್ತು ದಾಟಿದ 1,218 ಜನರನ್ನು ದೊಡ್ಡ ಆಪರೇಷನ್ ಆದಮೇಲೆ ಪರೀಕ್ಷಿಸಿತು. ಒಂದು ವಾರಕ್ಕೆ ನಾಲ್ವರಲ್ಲಿ ಒಬ್ಬರಿಗೆ, ಮೂರು ತಿಂಗಳಿಗೆ ಹತ್ತರಲ್ಲಿ ಒಬ್ಬರಿಗೆ ಇಂಥ ತೊಂದರೆ ಕಂಡಿತು. ಅಂದರೆ ಹೆಚ್ಚಿನವರು ಚೇತರಿಸಿಕೊಂಡರು, ಎಲ್ಲರೂ ಅಲ್ಲ. ಅಪ್ಪ ಅಮ್ಮನಿಗೆ ಮೊದಲೇ ಮರೆವು ಶುರುವಾಗಿದ್ದರೆ ನಮಗೆ ಹೇಳಿ. ಅವರ ಎದುರು ಹೇಳಲು ನೋವಾಗುತ್ತದೆ ಎಂದು ಎಷ್ಟೋ ಮಕ್ಕಳು ಮುಚ್ಚಿಡುತ್ತಾರೆ. ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು.

ಮಕ್ಕಳ ತಂದೆ ತಾಯಿಯರಿಗೆ ಒಂದು ಮಾತು. ಅರಿವಳಿಕೆಯಿಂದ ಮಗುವಿನ ಬುದ್ಧಿಗೆ ತೊಂದರೆಯಾದೀತೇ ಎಂಬ ಅಂಜಿಕೆ ಇದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅಥವಾ ಮತ್ತೆ ಮತ್ತೆ ಕೊಡುವಾಗ ಯೋಚಿಸಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿದ್ದು ನಿಜ. ಹರ್ನಿಯಾ ಆಪರೇಷನ್ ಆದ ಏಳುನೂರಕ್ಕೂ ಹೆಚ್ಚು ಕೂಸುಗಳನ್ನು ಐದು ವರ್ಷ ತುಂಬುವವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2019ರಲ್ಲಿ ಬಂತು. ಒಂದು ಗಂಟೆಗಿಂತ ಕೊಂಚ ಕಡಿಮೆ ಹೊತ್ತಿನ ಅರಿವಳಿಕೆ ಪಡೆದವರಿಗೂ, ಎಚ್ಚರವಿರುವಂತೆಯೇ ಕೆಳಮೈ ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡಿದವರಿಗೂ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. ಆಗಲೇಬೇಕಾದ ಆಪರೇಷನ್ನನ್ನು ಈ ಅಂಜಿಕೆಯಿಂದ ಮುಂದೂಡಬೇಡಿ. ಎಚ್ಚರವಾಗುವಾಗ ಮಗು ನಿಮ್ಮನ್ನೇ ಗುರುತಿಸದಂತೆ ಚೀರಿ ಒದ್ದಾಡಬಹುದು. ಸೆವೊಫ್ಲೂರೇನ್ ಆವಿಯಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ, ಮಗುವಿಗೆ ನೆನಪಿರುವುದಿಲ್ಲ.

ಮನೆಗೆ ಹೋದ ಮೇಲೆ ಇಪ್ಪತ್ತನಾಲ್ಕು ಗಂಟೆ ಗಾಡಿ ಓಡಿಸಬೇಡಿ, ಒಲೆಯ ಮುಂದೆ ಒಬ್ಬರೇ ನಿಲ್ಲಬೇಡಿ, ಆಸ್ತಿ ಹಣದ ಕಾಗದಕ್ಕೆ ಸಹಿ ಹಾಕಬೇಡಿ. ನಿಮಗೆ ಪೂರ್ತಿ ಎಚ್ಚರವಿದೆ ಅನ್ನಿಸಿದರೂ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇನ್ನೂ ಹಿಂದೆ ಬಿದ್ದಿರುತ್ತದೆ. ಉಸಿರಾಟಕ್ಕೆ ಕಷ್ಟ, ಎದೆನೋವು, ನಿಲ್ಲದ ವಾಂತಿ, ಮೂತ್ರ ಕಟ್ಟಿದ್ದು, ಎಬ್ಬಿಸಲಾಗದಷ್ಟು ಮಂಪರು ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಮಾತು ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. "ಮೇಡಂ, ಹದಿನೈದು ವರ್ಷದ ಹಿಂದೆ ನನ್ನ ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅರ್ಧ ಗಂಟೆಯ ಕೆಲಸ ಅಂದಿದ್ದರು. ಆಮೇಲೆ ರಾತ್ರಿಯೆಲ್ಲ ಉಸಿರಾಟದ ಯಂತ್ರದಲ್ಲೇ ಇಟ್ಟಿದ್ದರು. ಬೆಳಿಗ್ಗೆ ತಾನಾಗಿ ಸರಿಹೋದ. ಏನಾಯಿತು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮುಂದಿನ ತಿಂಗಳು ನನಗೆ ಆಪರೇಷನ್ ಇದೆ. ಇದನ್ನೆಲ್ಲ ಹೇಳಬೇಕಾ?"

ಹೇಳಲೇಬೇಕು ಅಂದೆ. ಅವರ ತಮ್ಮನಿಗೆ ಏನಾಗಿತ್ತೆಂದು ನಾನು ದೂರದಿಂದ ತೀರ್ಪು ಕೊಡಲಾರೆ. ಆದರೆ ಆ ಕಥೆಗೆ ಹೊಂದುವ ಒಂದು ಕಾರಣವಿದೆ. ಆಗಲೇ ಹೇಳಿದ ಸಕ್ಸಿನೈಲ್‌ಕೋಲಿನ್ ಔಷಧವನ್ನು ರಕ್ತದಲ್ಲಿರುವ ಕೋಲಿನೆಸ್ಟರೇಸ್ ಎಂಬ ಕಿಣ್ವ ಐದು ಹತ್ತು ನಿಮಿಷದಲ್ಲಿ ಒಡೆದುಹಾಕುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಸರಿಯಿರುವುದಿಲ್ಲ. ಅವರಿಗೆ ಸ್ನಾಯುಗಳ ಬಲ ಗಂಟೆಗಟ್ಟಲೆ ಮರಳುವುದಿಲ್ಲ. ಅಲ್ಲಿಯವರೆಗೆ ಯಂತ್ರ ಉಸಿರಾಡಿಸುತ್ತಿದ್ದರೆ, ಮಂಪರಿನಲ್ಲಿ ಇಟ್ಟಿದ್ದರೆ, ಬೇರೆ ಹಾನಿಯಾಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬರುವ ದೋಷವಿದು. ಒಬ್ಬ ಮಗುವಿಗೆ ಇದ್ದರೆ ಒಡಹುಟ್ಟಿದವರಿಗೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆಪರೇಷನ್ನಿಗೆ ಇನ್ನೂ ಒಂದು ತಿಂಗಳಿದೆ, ಸಮಯ ಸಾಕು.

ಅವರು ಕೈಚೀಲದಿಂದ ಪೆನ್ನು ತೆಗೆದರು. ಕಿಣ್ವದ ಹೆಸರನ್ನು ಅಕ್ಷರ ಬಿಡಿಸಿ ಹೇಳಿದೆ. ತಮ್ಮನ ಹಳೆಯ ಡಿಸ್ಚಾರ್ಜ್ ಕಾಗದ ಮನೆಯಲ್ಲಿ ಇರಬಹುದೇ ಎಂದು ಕೇಳಿದೆ. ಅಮ್ಮನ ಟ್ರಂಕಿನಲ್ಲಿ ಹುಡುಕಬೇಕು, ಅಮ್ಮ ಯಾವ ಕಾಗದವನ್ನೂ ಬಿಸಾಡಿದವರಲ್ಲ ಅಂದರು. ಸಿಕ್ಕರೆ ಅದನ್ನೂ, ಪರೀಕ್ಷೆಯ ಫಲಿತಾಂಶವನ್ನೂ ಹಿಂದಿನ ದಿನ ನೋಡಲು ಬರುವ ಅರಿವಳಿಕೆ ವೈದ್ಯರ ಕೈಗೇ ಕೊಡಿ, ತಮ್ಮನಿಗೂ ಒಂದು ಪ್ರತಿ ಕಳಿಸಿ ಎಂದೆ.